ಪ್ರಶ್ನೆ ಕೇಳುತ್ತಲೇ ನಡೆದ ಪ್ರವಾದಿ ಇಬ್ರಾಹೀಮ್ (ಅ)

ಪ್ರಥಮ ಪಿಯುಸಿ ಇತಿಹಾಸದಲ್ಲಿ ಮೆಸೊಪೊಟೇಮಿಯಾದ ಪಾಠ ಬಂದಾಗಲೆಲ್ಲ ನಾನು ಊರ್ ನಗರದ ಹೆಸರಿನ ಬಳಿ ಸ್ವಲ್ಪ ನಿಲ್ಲುತ್ತೇನೆ. ಬೈಬಲ್ಲಿನ ಪ್ರಕಾರ ಪ್ರವಾದಿ ಇಬ್ರಾಹೀಮರ(ಅ) ಕುಟುಂಬ ಹೊರಟದ್ದು ಆ ಊರಿನಿಂದ. ಪುಸ್ತಕ ಮುಚ್ಚಿ ಐದು ನಿಮಿಷ ಅವರ ಕಥೆ ಹೇಳುವುದು ನನ್ನ ಹಳೆಯ ಅಭ್ಯಾಸ. ಈ ವರ್ಷವೂ ಹೇಳಿದೆ. ಊರಿನವರೆಲ್ಲ ಹೊರಗೆ ಹೋದಾಗ ಯುವಕ ಇಬ್ರಾಹೀಮರು ದೇವಾಲಯಕ್ಕೆ ನುಗ್ಗಿ ವಿಗ್ರಹಗಳನ್ನು ಒಡೆದದ್ದು, ದೊಡ್ಡದೊಂದನ್ನು ಮಾತ್ರ ಉಳಿಸಿ ಅದರ ಹೆಗಲಿಗೆ ಕೊಡಲಿ ಏರಿಸಿದ್ದು, ಊರವರು ಬಂದು ಕೇಳಿದಾಗ ದೊಡ್ಡದನ್ನೇ ವಿಚಾರಿಸಿ ಎಂದದ್ದು. ತರಗತಿ ಎಂದಿನಂತೆ ನಕ್ಕಿತು.

ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ನಮ್ಮ ಕಾಲೇಜಿನಲ್ಲಿ ಎಲ್ಲ ಸಮುದಾಯದ ಮಕ್ಕಳೂ ಓದುತ್ತಾರೆ; ಅವಳ ಮನೆಯಲ್ಲಿ ದೇವರ ಕೋಣೆಯಿದೆ, ಬೆಳಗ್ಗೆ ದೀಪ ಹಚ್ಚಿಯೇ ಅವಳು ಬಸ್ಸು ಹತ್ತುವುದು. ಇಬ್ರಾಹೀಮರು ನಮ್ಮ ಮನೆಗೆ ಬಂದರೆ ಏನು ಮಾಡುತ್ತಿದ್ದರು ಸರ್, ಎಂದು ಕೇಳಿದಳು. ಅವಳ ದನಿಯಲ್ಲಿ ಕೋಪವಾಗಲೀ ಕುಚೋದ್ಯವಾಗಲೀ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಒಂದು ಕ್ಷಣ ತರಗತಿ ಸುಮ್ಮನಾಯಿತು. ನಾನು ಗಡಿಯಾರ ನೋಡಿ, ಅದು ಸಿಲೆಬಸ್‌ನಲ್ಲಿಲ್ಲ, ಕೂತ್ಕೋ ಎಂದುಬಿಟ್ಟೆ. ಅವಳು ಕೂತಳು. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷ ಇತ್ತು. ಆ ಹತ್ತು ನಿಮಿಷ ನಾನು ಕ್ಯೂನಿಫಾರಂ ಲಿಪಿಯ ನೋಟ್ಸ್ ಬರೆಸಿದೆ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕುರ್‌ಆನಿನಲ್ಲಿ ಇಬ್ರಾಹೀಮರ ಹೆಸರು 69 ಬಾರಿ ಬರುತ್ತದೆ. ಆ ಜಾಗಗಳನ್ನೆಲ್ಲ ಒಂದೊಂದಾಗಿ ಮತ್ತೆ ಓದಲು ಕುಳಿತೆ. ಜೊತೆಗೆ ಬೈಬಲ್ಲಿನ ಆದಿಕಾಂಡವನ್ನೂ ಇಟ್ಟುಕೊಂಡೆ. ಈ ಬರಹ ಆ ಓದಿನಿಂದ ಹುಟ್ಟಿದ್ದು. ಆ ವಿದ್ಯಾರ್ಥಿನಿಗೆ ಕೊಡಬೇಕಾಗಿದ್ದ ಉತ್ತರವೂ ಇದೇ. ಸ್ವಲ್ಪ ತಡವಾಗಿದೆ.

ಮೊದಲು ಆ ಊರಿನ ವಿಷಯ. ದಕ್ಷಿಣ ಇರಾಕಿನ ಮರುಭೂಮಿಯಲ್ಲಿ 1922ರಿಂದ 1934ರವರೆಗೆ ಲಿಯೊನಾರ್ಡ್ ವೂಲಿ ಎಂಬ ಬ್ರಿಟಿಷ್ ಪುರಾತತ್ವಜ್ಞ ಊರ್ ನಗರವನ್ನು ಅಗೆದು ತೆಗೆದರು. ನಗರದ ನಡುವೆ ಇಟ್ಟಿಗೆಯ ಭಾರೀ ಜಿಗುರಾತ್. ಉರ್-ನಮ್ಮು ಎಂಬ ದೊರೆ ಕ್ರಿ.ಪೂ. 21ನೇ ಶತಮಾನದ ಸುಮಾರಿಗೆ ಕಟ್ಟಿಸಲು ತೊಡಗಿದ್ದು. ಅದು ಚಂದ್ರದೇವತೆ ನನ್ನಾನ ನೆಲೆ. ಕುಟುಂಬ ಮುಂದೆ ಹೋಗಿ ನೆಲೆಸಿತೆಂದು ಬೈಬಲ್ ಹೇಳುವ ಹರ್ರಾನ್ ಇಂದಿನ ತುರ್ಕಿಯಲ್ಲಿದೆ. ಅದೂ ಚಂದ್ರದೇವತೆಯ ಊರೇ. ಹರ್ರಾನಿಗೆ ಸಮೀಪದ ಉರ್ಫಾ ನಗರದ ಜನ, ಇಬ್ರಾಹೀಮರು ಹುಟ್ಟಿದ್ದು ನಮ್ಮ ಗುಹೆಯಲ್ಲಿ ಎಂದು ಇಂದಿಗೂ ತೋರಿಸುತ್ತಾರೆ. ಇತಿಹಾಸ ಕಲಿಸುವವನಾಗಿ ಒಂದು ಮಾತು ಹೇಳಲೇಬೇಕು: ಇವರ ಹೆಸರಿರುವ ಶಾಸನ ಯಾವ ಉತ್ಖನನದಲ್ಲೂ ಸಿಕ್ಕಿಲ್ಲ. ಅವರ ಬದುಕು ನಮಗೆ ತಿಳಿದಿರುವುದು ಧರ್ಮಗ್ರಂಥಗಳಿಂದ, ಪರಂಪರೆಯಿಂದ. ಆದರೆ ಅವರು ಎಂಥ ಜಗತ್ತನ್ನು ಎದುರಿಸಿದರು ಎಂಬುದನ್ನು ಆ ಇಟ್ಟಿಗೆಗಳು ಹೇಳುತ್ತವೆ. ದೇವಾಲಯ ಅಲ್ಲಿ ಪೂಜೆಯ ಜಾಗ ಮಾತ್ರವಾಗಿರಲಿಲ್ಲ. ಹೊಲ, ಕಣಜ, ಕೂಲಿ, ಲೆಕ್ಕಪತ್ರ ಎಲ್ಲವೂ ಅದರ ಸುತ್ತ ಇದ್ದವು. ಅಲ್ಲಿ ಚಂದ್ರನ ಬಗ್ಗೆ ಪ್ರಶ್ನೆ ಎತ್ತುವುದೆಂದರೆ ಇಡೀ ಊರಿನ ಅನ್ನದ ಬಗ್ಗೆ ಪ್ರಶ್ನೆ ಎತ್ತಿದಂತೆ.

ಆ ಯುವಕ ಚಂದ್ರನ ಬಗ್ಗೆಯೇ ಪ್ರಶ್ನೆ ಎತ್ತಿದರು. ಅಲ್-ಅನ್‌ಆಮ್ ಅಧ್ಯಾಯದಲ್ಲಿ ಆ ರಾತ್ರಿಯ ಚಿತ್ರವಿದೆ. ಮೊದಲು ಒಂದು ನಕ್ಷತ್ರ ಕಂಡಿತು. ಇದೇ ನನ್ನ ಪ್ರಭುವೇ ಎಂದು ನೋಡಿದರು, ಅದು ಮುಳುಗಿತು. ಚಂದ್ರ ಬಂದ, ಅವನೂ ಮುಳುಗಿದ. ಎಲ್ಲಕ್ಕಿಂತ ದೊಡ್ಡದಾಗಿ ಸೂರ್ಯ ಬಂದ, ಸಂಜೆಯಾಯಿತು. ಮುಳುಗುವುದನ್ನು ನಾನು ಪ್ರೀತಿಸಲಾರೆ ಎಂದು ತೀರ್ಮಾನಿಸಿ ಆಕಾಶಭೂಮಿಗಳನ್ನು ಸೃಷ್ಟಿಸಿದವನ ಕಡೆಗೆ ಮುಖ ಮಾಡಿದರು. ಇಲ್ಲಿ ಅವರು ನಿಜಕ್ಕೂ ಹುಡುಕುತ್ತಿದ್ದರೋ, ಜನರಿಗೆ ಅರ್ಥವಾಗಲೆಂದು ವಾದ ಮುಂದಿಟ್ಟರೋ ಎಂಬುದರ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಜನರಿಗಾಗಿ ಎಂಬ ಅಭಿಪ್ರಾಯವೇ ಹೆಚ್ಚು ಪ್ರಚಲಿತ. ಅದು ಹೇಗೇ ಇರಲಿ, ನನ್ನ ಗಮನ ಸೆಳೆದದ್ದು ಅವರು ಹಿಡಿದ ದಾರಿ. ಸ್ವತಃ ನೋಡುವುದು, ಕಾಯುವುದು, ಕಂಡದ್ದು ಸಾಲದಾದಾಗ ಬಿಟ್ಟು ಮುಂದೆ ಹೋಗುವುದು. ನಮ್ಮ ಭೌತಶಾಸ್ತ್ರ ವಿಭಾಗದವರಿಗೆ ಇದು ಇಷ್ಟವಾದೀತು.

ಅವರು ಮೊದಲು ಪ್ರಶ್ನೆ ಕೇಳಿದ್ದು ಬೀದಿಯಲ್ಲಲ್ಲ, ಮನೆಯಲ್ಲಿ. ತಂದೆಯ ಹೆಸರು ಕುರ್‌ಆನಿನಲ್ಲಿ ಆಝರ್, ಬೈಬಲ್ಲಿನಲ್ಲಿ ತೆರಹ. ಆತ ವಿಗ್ರಹ ಕೆತ್ತುತ್ತಿದ್ದ ಎಂಬ ಮಾತು ಯಹೂದಿ ಮತ್ತು ಇಸ್ಲಾಮೀ ಪರಂಪರೆ ಎರಡರಲ್ಲೂ ಇದೆ. ಮರ್ಯಮ್ ಅಧ್ಯಾಯದ ನಾಲ್ಕು ಸೂಕ್ತಗಳಲ್ಲಿ ಮಗ ಅಪ್ಪನ ಜೊತೆ ಮಾತಾಡುವುದಿದೆ. ಕೇಳದ, ನೋಡದ, ಯಾವ ಪ್ರಯೋಜನಕ್ಕೂ ಬಾರದ್ದನ್ನು ಏಕೆ ಆರಾಧಿಸುತ್ತೀರಿ ಎಂದು ಕೇಳುತ್ತಾರೆ. ನಾಲ್ಕು ಸೂಕ್ತ, ನಾಲ್ಕು ಬಾರಿಯೂ ಅಪ್ಪಾ ಎಂಬ ಅಕ್ಕರೆಯ ಕರೆಯಿಂದಲೇ ಮಾತು ಶುರು. ಮದ್ರಸದಲ್ಲಿ ಓದುವಾಗ ನಮ್ಮ ಉಸ್ತಾದರು ಆ ಪದ ಬಂದಾಗಲೆಲ್ಲ ದನಿ ಇಳಿಸಿ ಓದುತ್ತಿದ್ದರು. ಏಕೆಂದು ಆಗ ತಿಳಿಯಲಿಲ್ಲ.

ಅಪ್ಪನ ಉತ್ತರದಲ್ಲಿ ಒಮ್ಮೆಯೂ ಮಗನೇ ಎಂಬ ಮಾತಿಲ್ಲ. ಹೆಸರು ಹಿಡಿದು ಕರೆದು, ನಿಲ್ಲಿಸದಿದ್ದರೆ ಕಲ್ಲು ಹೊಡೆಸುತ್ತೇನೆ, ನನ್ನ ಕಣ್ಣೆದುರಿಂದ ತೊಲಗು ಎಂದರು. ಮಗ ತಿರುಗಿ ಬೈಯಲಿಲ್ಲ. ಸಲಾಮ್ ಹೇಳಿ, ನಿಮಗಾಗಿ ನನ್ನ ಪ್ರಭುವಿನಲ್ಲಿ ಕ್ಷಮೆ ಬೇಡುತ್ತೇನೆ ಎಂದು ಮಾತುಕೊಟ್ಟು ಹೊರಟರು. ಆ ಮಾತನ್ನು ಅವರು ಬಹಳ ಕಾಲ ನಡೆಸಿದರು. ತಂದೆಯ ವಿರೋಧ ಸತ್ಯದೊಡನೆಯೇ ಎಂದು ಖಚಿತವಾದ ಮೇಲಷ್ಟೇ ಆ ಪ್ರಾರ್ಥನೆ ಬಿಟ್ಟರು. ಅದನ್ನು ಹೇಳುವ ಸೂಕ್ತದಲ್ಲೇ ಅವರನ್ನು ಮೃದುಹೃದಯಿ, ಸಹನಶೀಲ ಎಂದು ಕರೆಯಲಾಗಿದೆ. ಮನೆಯಲ್ಲಿ ಕೋರ್ಸಿನ ವಿಷಯಕ್ಕೋ ಮೊಬೈಲಿನ ವಿಷಯಕ್ಕೋ ಜಗಳವಾಡಿ ಸ್ಟಾಫ್ ರೂಮಿಗೆ ಬಂದು ಕಣ್ಣೀರು ಹಾಕುವ ಮಕ್ಕಳನ್ನು ನಾನು ನೋಡಿದ್ದೇನೆ. ಇಬ್ರಾಹೀಮರ ಈ ಪುಟ ಅವರಿಗೆ ಗೊತ್ತಿರಬೇಕು ಅನ್ನಿಸುತ್ತದೆ. ಒಪ್ಪದಿದ್ದರೂ ದನಿ ಎತ್ತಬೇಕಾಗಿಲ್ಲ.

ಈಗ ಆ ವಿಗ್ರಹಗಳ ಪ್ರಸಂಗ. ನಾನು ಹೇಳುವಾಗ ಮಾಡಿದ ತಪ್ಪುಗಳನ್ನು ಮೊದಲು ತಿದ್ದಿಕೊಳ್ಳುತ್ತೇನೆ. ಕೊಡಲಿಯನ್ನು ಹೆಗಲಿಗೇರಿಸಿದ ವಿಷಯ ಕುರ್‌ಆನಿನಲ್ಲಿಲ್ಲ, ಅದು ವ್ಯಾಖ್ಯಾನಗಳಿಂದ ಬಂದದ್ದು. ನಮ್ರೂದ್ ಎಂದು ನಾವು ಹೇಳುವ ರಾಜನ ಹೆಸರೂ ಅಲ್ಲಿಲ್ಲ. ಬೈಬಲ್ಲಿನ ಆದಿಕಾಂಡದಲ್ಲಂತೂ ವಿಗ್ರಹ ಒಡೆದ ಕಥೆಯೇ ಇಲ್ಲ. ಇನ್ನೊಂದು ತಪ್ಪು ಇವೆಲ್ಲಕ್ಕಿಂತ ದೊಡ್ಡದು. ನಾನು ಆ ಕಥೆಯನ್ನು ನಗೆ ಬರಿಸಲೆಂದು ಹೇಳುತ್ತಿದ್ದೆ, ಇಬ್ರಾಹೀಮರು ಯಾರನ್ನೋ ಮಣಿಸಿದ ಕಥೆಯಂತೆ. ಅದು ಹಾಗಲ್ಲ.

ಅವರು ಹೋದದ್ದು ಪರರ ಊರಿಗಲ್ಲ, ತನ್ನದೇ ಊರಿಗೆ, ತನ್ನ ತಂದೆ ತಲೆಬಾಗುತ್ತಿದ್ದ ಜಾಗಕ್ಕೆ. ಅದಕ್ಕೂ ಮುಂಚೆ ಜನರೊಡನೆ ಮುಖಾಮುಖಿ ಮಾತಾಡಿದ್ದರು. ಹಿಂದಿನವರು ಮಾಡುತ್ತಿದ್ದರು, ನಾವೂ ಮಾಡುತ್ತೇವೆ ಎಂಬುದಷ್ಟೇ ಆ ಜನರ ಉತ್ತರವಾಗಿತ್ತು. ಅವರ ಹಿಂದೆ ಸೈನ್ಯವಿರಲಿಲ್ಲ, ಗುಂಪಿರಲಿಲ್ಲ, ಅಧಿಕಾರವಿರಲಿಲ್ಲ. ದೇವಾಲಯದ ಬಂಗಾರ ಮುಟ್ಟಲಿಲ್ಲ. ಒಳಗೆ ಹೋಗಿ ವಿಗ್ರಹಗಳ ಮುಂದಿದ್ದ ನೈವೇದ್ಯ ನೋಡಿ, ಏಕೆ ತಿನ್ನುವುದಿಲ್ಲ, ಏಕೆ ಮಾತಾಡುವುದಿಲ್ಲ ಎಂದು ಅವುಗಳನ್ನೂ ಕೇಳಿದರು. ದೊಡ್ಡದನ್ನು ಉಳಿಸಿದ್ದೂ ಪ್ರಶ್ನೆಯಾಗಲೆಂದೇ. ಓಡಿ ಹೋಗದೆ ಅಲ್ಲೇ ಸಿಕ್ಕರು. ಜನ ಒಂದು ಕ್ಷಣ ತಮ್ಮೊಳಗೆ ತಿರುಗಿ ನೋಡಿಕೊಂಡರು, ತಪ್ಪು ನಮ್ಮದೇ ಎಂದುಕೊಂಡರು ಎಂದು ಕುರ್‌ಆನ್ ಹೇಳುತ್ತದೆ. ಮರುಕ್ಷಣ ತಲೆ ತಗ್ಗಿತು, ಹಳೆಯ ಹಟ ಮರಳಿತು. ನನಗೆ ಆ ಕಥೆಯ ಜೀವ ಇರುವುದು ಕೊಡಲಿಯಲ್ಲಲ್ಲ, ಆ ಒಂದು ಕ್ಷಣದಲ್ಲಿ. ಆಮೇಲೆ ಆದದ್ದರ ಬೆಲೆ ತೆತ್ತವರು ಅವರೊಬ್ಬರೇ. ಅಗ್ನಿಕುಂಡ ಸಿದ್ಧವಾಯಿತು, ಎಸೆದರು. ತಂಪಾಗು, ಸುರಕ್ಷೆಯಾಗು ಎಂದು ಬೆಂಕಿಗೆ ಆಜ್ಞೆಯಾಯಿತು.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರ ಹೇಳುವುದು ಸರಿಯಲ್ಲ. ಇಬ್ರಾಹೀಮರು ವಿಗ್ರಹಾರಾಧನೆಯನ್ನು ಒಪ್ಪಿಕೊಳ್ಳುತ್ತಿದ್ದರು ಎಂದು ನಾನು ಹೇಳಿದರೆ ಅದು ಸುಳ್ಳು. ಏಕದೇವ ವಿಶ್ವಾಸವೇ ಅವರ ಬದುಕಿನ ಬೆನ್ನೆಲುಬು, ಅದಕ್ಕಾಗಿಯೇ ಅವರು ಬೆಂಕಿಗೆ ಬಿದ್ದದ್ದು. ಆದರೆ ಅವರ ಹೆಸರು ಹೇಳಿಕೊಂಡು ಮತ್ತೊಬ್ಬರ ದೇವರ ಕೋಣೆಗೆ ಕೈಹಾಕುವ ಅಧಿಕಾರ ಯಾರಿಗೂ ಇಲ್ಲ. ನಕ್ಷತ್ರ, ಚಂದ್ರ, ಸೂರ್ಯರ ಕಥೆಯಿರುವ ಅದೇ ಅಲ್-ಅನ್‌ಆಮ್ ಅಧ್ಯಾಯದಲ್ಲಿ, ಆ ಕಥೆ ಮುಗಿದು ಸುಮಾರು ಮೂವತ್ತು ಸೂಕ್ತಗಳಾಚೆ, ಅಲ್ಲಾಹನನ್ನು ಬಿಟ್ಟು ಇತರರು ಕರೆದು ಪ್ರಾರ್ಥಿಸುವವುಗಳನ್ನು ನಿಂದಿಸಬಾರದೆಂದು ವಿಶ್ವಾಸಿಗಳಿಗೆ ನೇರ ಆಜ್ಞೆಯಿದೆ. ಬಾಯಿಮಾತಿನ ನಿಂದೆಯೇ ನಿಷಿದ್ಧವಾದ ಮೇಲೆ ಉಳಿದದ್ದು ಹೇಳಬೇಕೇ? ನಾನು ಇಷ್ಟು ವರ್ಷ ಮೊದಲ ಭಾಗ ಹೇಳಿ ಎರಡನೆಯದನ್ನು ಹೇಳದೆ ಬಿಟ್ಟಿದ್ದೆ.

ರಾಜನೊಬ್ಬನೊಡನೆ ಅವರ ವಾದವೂ ನಿಮಗೆ ಗೊತ್ತಿರುವುದೇ. ಜೀವ ಕೊಡುವುದೂ ತೆಗೆಯುವುದೂ ನನ್ನ ಕೈಯಲ್ಲಿದೆ ಎಂದು ಬೀಗಿದವನಿಗೆ, ಹಾಗಾದರೆ ಪೂರ್ವದ ಸೂರ್ಯನನ್ನು ಪಶ್ಚಿಮದಿಂದ ತಾ ಎಂದರು. ಅವನ ಬಾಯಿ ಕಟ್ಟಿತು.

ಇಷ್ಟೆಲ್ಲ ಆದ ಮೇಲೆ ಅವರನ್ನು ನಂಬಿ ಹಿಂದೆ ಬಂದವರೆಷ್ಟು? ಪತ್ನಿ ಸಾರಾ, ಸಹೋದರನ ಮಗ ಲೂತ್(ಅ). ಆ ಊರಿನಿಂದ ಅವರೊಡನೆ ಹೊರಟವರಲ್ಲಿ ಹೆಸರು ಹೇಳಿ ತೋರಿಸಬಹುದಾದವರು ಇಷ್ಟೇ. ಇಂದಿನ ಲೆಕ್ಕದಲ್ಲಿ ಇದನ್ನು ಸೋಲು ಎನ್ನುತ್ತಾರೆ. ಸಂದೇಶ ಪ್ರಚಾರವನ್ನು ನಾವೀಗ ವ್ಯೂ ಎಷ್ಟು, ಶೇರ್ ಎಷ್ಟು ಎಂದು ಅಳೆಯುತ್ತೇವಲ್ಲ. ಆದರೆ ಕುರ್‌ಆನ್ ಈ ಒಂಟಿ ಮನುಷ್ಯನನ್ನೇ ಒಂದು ಉಮ್ಮತ್ ಎಂದು ಕರೆಯಿತು. ಹರ್ರಾನ್ ಬಿಟ್ಟು ಹೊರಟಾಗ ಅವರಿಗೆ 75 ವರ್ಷ ಎನ್ನುತ್ತದೆ ಬೈಬಲ್. ಅಲ್ಲಿಂದ ಕನಾನ್, ಬರಗಾಲ ಬಂದಾಗ ಈಜಿಪ್ಟ್, ಮತ್ತೆ ಕನಾನ್. ಗುಡಾರ ಕಿತ್ತು ಗುಡಾರ ಹೂಡುವ ಬದುಕು. ಮಕ್ಕಳಿರಲಿಲ್ಲ.

ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ ಪ್ರಸಂಗ ಅಲ್-ಬಕರಾ ಅಧ್ಯಾಯದ ನಾಲ್ಕು ಹಕ್ಕಿಗಳದ್ದು. ಇಬ್ರಾಹೀಮರು ಈ ಬಾರಿ ಪ್ರಶ್ನೆ ಕೇಳಿದ್ದು ಅಪ್ಪನನ್ನಲ್ಲ, ರಾಜನನ್ನಲ್ಲ, ಅಲ್ಲಾಹನನ್ನೇ. ಸತ್ತವರನ್ನು ನೀನು ಹೇಗೆ ಬದುಕಿಸುತ್ತೀ ಎಂದು ತೋರಿಸಿಕೊಡು ಎಂದರು. ನಂಬಿಕೆಯಿಲ್ಲವೇ ಎಂದು ಅಲ್ಲಾಹನು ಕೇಳಿದ. ಇದೆ, ಆದರೆ ಮನಸ್ಸಿಗೆ ಸಮಾಧಾನವಾಗಲಿ ಎಂದು ಕೇಳುತ್ತಿದ್ದೇನೆ ಎಂದರು. ಯೋಚಿಸಿ ನೋಡಿ: ಬೆಂಕಿಯಿಂದ ಹೊರಬಂದ ಪ್ರವಾದಿ, ಅಲ್ಲಾಹನ ಖಲೀಲ್ ಅಂದರೆ ಆಪ್ತಮಿತ್ರ ಎಂಬ ಬಿರುದು ಪಡೆದವರು, ಮನಸ್ಸಿಗೆ ಇನ್ನೂ ಸಮಾಧಾನ ಬೇಕು ಎಂದು ನೇರವಾಗಿ ಹೇಳಿಕೊಂಡರು. ಅವರದು ಸಂದೇಹವಲ್ಲ ಎಂದು ವಿದ್ವಾಂಸರು ಒತ್ತಿ ಹೇಳುತ್ತಾರೆ, ಸರಿಯೇ. ಆದರೂ ಅದು ಪ್ರಶ್ನೆ. ಅಲ್ಲಾಹನು ಸಿಟ್ಟಾಗಲಿಲ್ಲ. ನಾಲ್ಕು ಹಕ್ಕಿಗಳನ್ನು ತಂದು ಪಳಗಿಸು, ಅವುಗಳ ಒಂದೊಂದು ಭಾಗವನ್ನು ಒಂದೊಂದು ಬೆಟ್ಟದ ಮೇಲಿಡು, ಆಮೇಲೆ ಕರೆ, ನಿನ್ನ ಬಳಿಗೆ ಧಾವಿಸಿ ಬರುತ್ತವೆ ಎಂದ. ಒಂದು ಪ್ರಶ್ನೆಗೆ ಒಂದು ಪ್ರಾಯೋಗಿಕ ತರಗತಿಯನ್ನೇ ಏರ್ಪಡಿಸಿದಂತೆ.

ಇದು ಸಿಲೆಬಸ್‌ನಲ್ಲಿಲ್ಲ, ಕೂತ್ಕೋ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳಿದ್ದು ನಾನು, ಹದಿನಾರು ವರ್ಷದ ಮಗುವಿಗೆ.

ಮಕ್ಕಳಾದದ್ದು ತುಂಬ ತಡವಾಗಿ. ಹಾಜಿರಾರಿಂದ ಇಸ್ಮಾಈಲ್(ಅ) ಹುಟ್ಟಿದಾಗ ಇಬ್ರಾಹೀಮರಿಗೆ 86, ಸಾರಾರಿಂದ ಇಸ್‌ಹಾಕ್(ಅ) ಹುಟ್ಟಿದಾಗ 100 ಎಂದು ಬೈಬಲ್ ಲೆಕ್ಕ ಕೊಡುತ್ತದೆ. ಇಸ್ಮಾಈಲ್ ಇನ್ನೂ ಎದೆಹಾಲು ಕುಡಿಯುವ ಕೂಸಾಗಿದ್ದಾಗ ತಾಯಿಮಗುವನ್ನು ಬೆಳೆಯಿಲ್ಲದ, ನೀರಿಲ್ಲದ ಕಣಿವೆಯೊಂದಕ್ಕೆ ಕರೆತಂದು, ಒಂದು ಚೀಲ ಖರ್ಜೂರ, ಒಂದು ತೊಗಲ ಚೀಲ ನೀರು ಕೊಟ್ಟು ಇಬ್ರಾಹೀಮರು ಹಿಂದಿರುಗಿದರು. ಈ ಪ್ರಸಂಗ ಬುಖಾರಿಯ ಹದೀಸ್‌ನಲ್ಲಿ ವಿವರವಾಗಿದೆ. ಹಾಜಿರಾ ಹಿಂದೆಯೇ ಬಂದು, ಯಾರೂ ಇಲ್ಲದ ಈ ಕಣಿವೆಯಲ್ಲಿ ನಮ್ಮನ್ನು ಬಿಟ್ಟು ಎಲ್ಲಿಗೆ ಎಂದು ಕೇಳಿದರು. ಮತ್ತೆ ಮತ್ತೆ ಕೇಳಿದರು. ಅವರು ತಿರುಗಿ ನೋಡಲಿಲ್ಲ. ಕೊನೆಗೆ, ಇದು ಅಲ್ಲಾಹನ ಆಜ್ಞೆಯೇ ಎಂದು ಕೇಳಿದಾಗ ಹೌದೆಂದರು. ಹಾಗಾದರೆ ಅವನು ನಮ್ಮ ಕೈಬಿಡಲಾರ ಎಂದು ಆ ತಾಯಿ ಮರಳಿದರು. ಅವರ ಕಣ್ಣಿಗೆ ಮರೆಯಾದ ಮೇಲೆ ಇಬ್ರಾಹೀಮರು ನಿಂತು ಕೈಯೆತ್ತಿ ಬೇಡಿಕೊಂಡರು. ಅವರು ಏಕೆ ತಿರುಗಿ ನೋಡಲಿಲ್ಲ ಎಂಬುದನ್ನು ನನ್ನ ಮಗಳನ್ನು ಮೊದಲ ಬಾರಿ ಹಾಸ್ಟೆಲಿನಲ್ಲಿ ಬಿಟ್ಟು ಬಂದ ದಿನ ನಾನು ಸ್ವಲ್ಪ ಊಹಿಸಬಲ್ಲವನಾದೆ. ಹೋಲಿಕೆ ದೊಡ್ಡದಾಯಿತು, ಕ್ಷಮಿಸಿ.

ನೀರು ಮುಗಿಯಿತು, ಹಾಲು ಬತ್ತಿತು. ಸಫಾ ಬೆಟ್ಟ ಹತ್ತಿ ಯಾರಾದರೂ ಕಾಣುತ್ತಾರೆಯೇ ಎಂದು ನೋಡಿದರು, ಇಳಿದು ಓಡಿ ಮರ್ವಾ ಹತ್ತಿದರು. ಏಳು ಸಲ. ಎರಡು ಬೆಟ್ಟಗಳ ನಡುವೆ ಸುಮಾರು 450 ಮೀಟರ್, ಏಳು ಸಲಕ್ಕೆ ಮೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಕೊನೆಗೆ ಮಗುವಿನ ಬಳಿ ಝಮ್‌ಝಮ್ ಚಿಮ್ಮಿತು. ಪ್ರಾರ್ಥನೆ ಮಾಡಿಯೂ ಆ ತಾಯಿ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಗಮನಿಸಿ. ಇಂದು ಹಜ್ಜ್‌ಗೆ ಹೋದ ದೊರೆಯೂ ಕೂಲಿಯೂ ಆ ಹೆಂಗಸಿನ ಓಟವನ್ನೇ ಓಡಬೇಕು. ನೀರು ಕಂಡು ಜುರ್‌ಹುಮ್ ಬುಡಕಟ್ಟಿನವರು ಬಂದು, ನೀರಿನ ಹಕ್ಕು ಹಾಜಿರಾರದೇ ಎಂದು ಒಪ್ಪಿ, ಅವರ ಅನುಮತಿ ಪಡೆದು ನೆಲೆಸಿದರು. ಮಕ್ಕಾ ಊರಾಯಿತು.

ಆ ಊರಿಗಾಗಿ ಇಬ್ರಾಹೀಮರು ಮಾಡಿದ ದುಆದಲ್ಲಿ ಒಂದು ಸೂಕ್ಷ್ಮವಿದೆ. ಮೊದಲು ಕೇಳಿದ್ದು ಶಾಂತಿ, ಆಮೇಲೆ ಹಣ್ಣುಹಂಪಲು. ಹಣ್ಣುಹಂಪಲನ್ನು ಕೇಳುವಾಗ ಇಲ್ಲಿನವರಲ್ಲಿ ವಿಶ್ವಾಸಿಗಳಾದವರಿಗೆ ಎಂದು ಸೇರಿಸಿದರು. ಅಲ್ಲಾಹನು ಅದನ್ನು ತಿದ್ದಿದ: ನಂಬದವನಿಗೂ ಈ ಲೋಕದಲ್ಲಿ ಅನುಭವಿಸಲು ಕೊಡುತ್ತೇನೆ, ಅವನ ಲೆಕ್ಕ ಆಮೇಲಿನದು ಎಂದ. ಅನ್ನಕ್ಕೆ ಷರತ್ತಿಲ್ಲ ಎಂದಾಯಿತು. ಪಾರಸಿ ಕವಿ ಸಾದಿ 1257ರಲ್ಲಿ ಮುಗಿಸಿದ ಬೋಸ್ತಾನ್ ಕಾವ್ಯದಲ್ಲಿ ಇದೇ ಧಾಟಿಯ ಕಥೆಯೊಂದಿದೆ. ಅದು ಕವಿ ಹೇಳಿದ ಕಥೆ, ಹದೀಸ್ ಅಲ್ಲ. ಒಂದು ವಾರ ಅತಿಥಿಗಳೇ ಬಾರದೆ ಇಬ್ರಾಹೀಮರು ದಾರಿ ಕಾದು ಒಬ್ಬ ಮುದುಕನನ್ನು ಕರೆತರುತ್ತಾರೆ. ಊಟಕ್ಕೆ ಕುಳಿತಾಗ ಅವನು ದೇವರ ನಾಮ ಹೇಳುವುದಿಲ್ಲ, ಅಗ್ನಿಯ ಆರಾಧಕ ಎಂದು ತಿಳಿದು ಎಬ್ಬಿಸಿ ಕಳಿಸುತ್ತಾರೆ. ನೂರು ವರ್ಷ ನಾನು ಅವನಿಗೆ ಅನ್ನ ಕೊಟ್ಟೆ, ನಿನಗೆ ಒಂದು ಗಳಿಗೆ ಸಹಿಸಲಾಗಲಿಲ್ಲವೇ ಎಂದು ದೇವವಾಣಿಯಾಗುತ್ತದೆ.

ಅತಿಥಿಯೆಂದರೆ ಅವರಿಗೆ ಜೀವ. ಒಂದು ದಿನ ಅಪರಿಚಿತರು ಬಂದರು. ಹೆಸರು, ಊರು, ಕುಲ ಯಾವುದನ್ನೂ ವಿಚಾರಿಸದೆ ಒಳಗೆ ಹೋಗಿ ಕೊಬ್ಬಿದ ಕರುವನ್ನು ಹುರಿಸಿ ತಂದಿಟ್ಟರು. ಅವರು ಕೈ ಮುಂದೆ ಮಾಡದಿದ್ದಾಗ ಭಯವಾಯಿತು. ವಿಗ್ರಹಗಳನ್ನು ಕೇಳಿದಂತೆಯೇ ಇವರನ್ನೂ ತಿನ್ನುವುದಿಲ್ಲವೇ ಎಂದು ಕೇಳಿದರು. ಬಂದವರು ದೇವಚರರು. ಇಸ್‌ಹಾಕರ ಜನನದ ಶುಭವಾರ್ತೆ ಒಂದು, ಲೂತರ ಊರಿನ ವಿನಾಶದ ಸುದ್ದಿ ಇನ್ನೊಂದು. ನೂರರ ಹೊಸ್ತಿಲಲ್ಲಿ ಮಗನಾಗುವ ಸುದ್ದಿ ಕೇಳಿದವರು ಆ ಸಂತೋಷವನ್ನು ಬದಿಗಿಟ್ಟು ಪಾಪಿಗಳ ಊರಿಗಾಗಿ ವಾದಕ್ಕೆ ನಿಂತರು. ಬೈಬಲ್ಲಿನಲ್ಲಿ ಇದು ಸಂತೆಯ ಚೌಕಾಸಿಯಂತೆಯೇ ಇದೆ. ಅಲ್ಲಿ 50 ಮಂದಿ ಸಜ್ಜನರಿದ್ದರೆ ಊರನ್ನು ಉಳಿಸುವೆಯಾ ಎಂದು ಶುರುಮಾಡಿ 45, 40, 30, 20 ಎಂದು ಇಳಿಸುತ್ತ 10ಕ್ಕೆ ತಂದರು. ಹತ್ತು ಮಂದಿಯೂ ಇರಲಿಲ್ಲ. ಕುರ್‌ಆನಿನಲ್ಲಿಯೂ ಅವರು ಲೂತರ ಜನರಿಗಾಗಿ ವಾದಿಸಿದ ಉಲ್ಲೇಖವಿದೆ. ತೀರ್ಪು ಆಗಿಹೋಗಿದೆ, ಈ ವಿಷಯ ಬಿಟ್ಟುಬಿಡು ಎಂದು ಅವರಿಗೆ ಹೇಳಲಾಯಿತು. ಆದರೆ ವಾದಿಸಿದ್ದಕ್ಕೆ ಗದರಿಕೆಯಿಲ್ಲ, ಅಲ್ಲಿಯೂ ಸಹನಶೀಲ ಎಂಬ ಪ್ರಶಂಸೆಯೇ.

ಅಪರಿಚಿತರ ಊರಿಗಾಗಿ ಇಷ್ಟು ವಾದಿಸಿದವರು ತನ್ನ ಮಗನ ವಿಷಯ ಬಂದಾಗ ಅಲ್ಲಾಹನೊಡನೆ ಒಂದು ಮಾತನ್ನೂ ಆಡಲಿಲ್ಲ. ಬಕ್ರೀದಿಗೆ ಪ್ರತಿವರ್ಷ ಕೇಳುವ ಕಥೆ, ವಿವರ ಬೇಡ. ಕನಸಿನಲ್ಲಿ ಮಗನನ್ನು ಬಲಿಗೊಡುವುದನ್ನು ಕಂಡರು. ಆ ಮಗ ಯಾರೆಂದು ಕುರ್‌ಆನ್ ಹೆಸರಿಸಿಲ್ಲ. ಮುಸ್ಲಿಮರಲ್ಲಿ ಬಹುತೇಕರು ಇಸ್ಮಾಈಲ್ ಎನ್ನುತ್ತಾರೆ, ಬೈಬಲ್ ಇಸ್‌ಹಾಕ್ ಎನ್ನುತ್ತದೆ. ನಾನು ಈ ಬಾರಿ ನಿಂತದ್ದು ಬೇರೆ ಕಡೆ. ಕನಸು ಕಂಡ ತಂದೆ ಮಗನನ್ನು ಹಾಗೆಯೇ ಎಳೆದೊಯ್ಯಲಿಲ್ಲ. ಹೀಗೊಂದು ಕನಸು ಬಿದ್ದಿದೆ, ನೀನೇನು ಹೇಳುತ್ತೀ ಎಂದು ಕೇಳಿದರು. ಅಲ್ಲಾಹನ ಆಜ್ಞೆಯೆಂದು ಖಾತ್ರಿಯಿದ್ದಾಗಲೂ, ಜೊತೆಯಲ್ಲಿ ಓಡಾಡುವಷ್ಟು ಬೆಳೆದಿದ್ದ ಹುಡುಗನ ಅಭಿಪ್ರಾಯ ಕೇಳಿದರು. ಅಪ್ಪಾ ಎಂದೇ ಮಗ ಉತ್ತರಿಸಿದ. ಆಜ್ಞೆಯಾದಂತೆ ಮಾಡಿ, ಅಲ್ಲಾಹನಿಚ್ಛಿಸಿದರೆ ನಾನು ಸಹನೆಯಿಂದಿರುತ್ತೇನೆ ಎಂದ. ಹಿಂದೆ ಇಬ್ರಾಹೀಮರು ತಮ್ಮ ತಂದೆಗೆ ನಾಲ್ಕು ಸಲ ಹೇಳಿದ್ದ ಅದೇ ಅರಬಿ ಪದ ಅದು. ಅಂದು ಅದಕ್ಕೆ ಸಿಕ್ಕ ಉತ್ತರ ಕಲ್ಲಿನ ಬೆದರಿಕೆ. ಇವರು ಮಗನನ್ನು ಕರೆದದ್ದು ನನ್ನ ಕಂದಾ ಎಂದು. ಹಣೆ ನೆಲಕ್ಕೆ ಸೋಕಿತು, ಕರೆ ಬಂತು, ಮಗನ ಬದಲಿಗೆ ಬಲಿಪ್ರಾಣಿ ಬಂತು.

ಅದೇ ಮಗನ ಜೊತೆ ಕಅಬಾದ ಗೋಡೆ ಎತ್ತಿದರು. ಮಗ ಕಲ್ಲು ತಂದುಕೊಡುವುದು, ಅಪ್ಪ ಇಡುವುದು. ಎತ್ತರ ಸಾಲದಾದಾಗ ನಿಂತ ಕಲ್ಲೇ ಇಂದಿನ ಮಕಾಮೆ ಇಬ್ರಾಹೀಮ್. ಕಟ್ಟುತ್ತಲೇ, ನಮ್ಮಿಂದ ಇದನ್ನು ಸ್ವೀಕರಿಸು ಎಂದು ಬೇಡುತ್ತಿದ್ದರು. ಈ ಜನರಲ್ಲೇ ಒಬ್ಬ ಸಂದೇಶವಾಹಕನನ್ನು ಕಳಿಸು ಎಂದೂ ಬೇಡಿದರು. ಆ ದುಆದ ಫಲವೇ ನಾನು ಎಂಬರ್ಥದಲ್ಲಿ ಪ್ರವಾದಿ ಮುಹಮ್ಮದ್(ಸ) ಹೇಳಿದ್ದುಂಟು. ತಮಗೆ ಮದೀನಾದಲ್ಲಿ ಹುಟ್ಟಿದ ಗಂಡುಮಗುವಿಗೆ ಅವರು ಇಟ್ಟ ಹೆಸರೂ ಇಬ್ರಾಹೀಮ್. ಆ ಕೂಸು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು.

ಇಬ್ರಾಹೀಮರು 175 ವರ್ಷ ಬದುಕಿದರು ಎಂದು ಬೈಬಲ್ ಹೇಳುತ್ತದೆ. ಜೀವಮಾನವಿಡೀ ಗುಡಾರದಲ್ಲಿದ್ದವರು ಬೆಲೆ ಕೊಟ್ಟು ಕೊಂಡ ಜಮೀನೆಂದರೆ ಸಾರಾರನ್ನು ಮಣ್ಣು ಮಾಡಲು ಕೊಂಡ ಹೊಲ ಮತ್ತು ಅದರಲ್ಲಿದ್ದ ಗುಹೆ. ಒಡೆಯ ಪುಕ್ಕಟೆ ಕೊಡಲು ಮುಂದಾದಾಗ ಒಪ್ಪದೆ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟರು. ಅವರು ತೀರಿಕೊಂಡಾಗ ಅದೇ ಗುಹೆಯಲ್ಲಿ ದಫನ್ ಮಾಡಿದವರು ಇಸ್‌ಹಾಕ್ ಮತ್ತು ಇಸ್ಮಾಈಲ್, ಇಬ್ಬರೂ ಕೂಡಿ. ಹೆಬ್ರಾನ್ ಎಂಬ ಆ ಊರಿನ ಅರಬಿ ಹೆಸರು ಅಲ್-ಖಲೀಲ್. 1994ರ ರಮಝಾನಿನಲ್ಲಿ ಅಲ್ಲಿ ಫಜ್ರ್ ನಮಾಝಿಗೆ ನಿಂತಿದ್ದ 29 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಬಳಿಕ ಕಟ್ಟಡವನ್ನು ಪಾಲು ಮಾಡಿ ಮುಸ್ಲಿಮರಿಗೆ ಒಂದು ಭಾಗ, ಯಹೂದಿಗಳಿಗೆ ಒಂದು ಭಾಗ ಎಂದು ಬೇರ್ಪಡಿಸಿದರು. ಇಬ್ಬರು ಮಕ್ಕಳು ಒಟ್ಟಾಗಿ ಹೆಗಲು ಕೊಟ್ಟ ಜಾಗವದು.

ಕಳೆದ ಬುಧವಾರ ಆ ವಿದ್ಯಾರ್ಥಿನಿ ಕಾರಿಡಾರಿನಲ್ಲಿ ಸಿಕ್ಕಳು. ಅಂದು ಕೂರಿಸಿದ್ದಕ್ಕೆ ಕ್ಷಮಿಸು ಎಂದೆ. ಅವಳಿಗೆ ಮುಜುಗರವಾಯಿತು, ನನಗೂ. ಮೇಲೆ ಬರೆದದ್ದನ್ನೆಲ್ಲ ಚುಟುಕಾಗಿ ಹೇಳಿದೆ. ಇಬ್ರಾಹೀಮರು ನಿಮ್ಮ ಮನೆಗೆ ಬಂದರೆ ಬಾಗಿಲಲ್ಲಿ ಸಲಾಮ್ ಹೇಳುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು, ನಿನ್ನ ಪ್ರಶ್ನೆಗಳನ್ನೂ ಕೇಳಿಸಿಕೊಳ್ಳುತ್ತಿದ್ದರು, ಒಪ್ಪದೆ ಎದ್ದರೂ ನಿಮ್ಮ ಮನೆಗಾಗಿ ಪ್ರಾರ್ಥಿಸಿ ಹೋಗುತ್ತಿದ್ದರು ಎಂದು ನನಗನ್ನಿಸುತ್ತದೆ ಎಂದೆ. ನೀವೇ ಅವರ ಗುಡಾರಕ್ಕೆ ಹೋದರೆ ಹೆಸರು ಕೇಳುವ ಮುಂಚೆ ಊಟ ಬರುತ್ತಿತ್ತು ಎಂದೂ ಸೇರಿಸಿದೆ. ನಾವು ಸಸ್ಯಾಹಾರಿಗಳು ಸರ್ ಎಂದಳು. ಬೈಬಲ್ಲಿನಲ್ಲಿ ಅತಿಥಿಗಳ ಮುಂದೆ ರೊಟ್ಟಿ, ಮೊಸರು, ಹಾಲನ್ನೂ ಇಟ್ಟರೆಂದು ಬರೆದಿದೆ, ಚಿಂತೆಯಿಲ್ಲ ಎಂದೆ. ನಕ್ಕಳು.

ಎರಡು ಹೆಜ್ಜೆ ಹೋದವಳು ತಿರುಗಿ ಬಂದು ಇನ್ನೊಂದು ಕೇಳಿದಳು. ಮಗನನ್ನು ಏನು ಹೇಳುತ್ತೀ ಎಂದು ಕೇಳಿದರಲ್ಲ, ಆ ಕಣಿವೆಯಲ್ಲಿ ಬಿಟ್ಟುಹೋಗುವ ಮುಂಚೆ ಹಾಜಿರಾರನ್ನೂ ಯಾರಾದರೂ ಕೇಳಿದ್ದರಾ ಸರ್, ಎಂದು. ಅಷ್ಟರಲ್ಲಿ ಗಂಟೆ ಹೊಡೆಯಿತು. ಸೋಮವಾರ ಮೊದಲ ಪೀರಿಯಡ್ ಅವಳದೇ ತರಗತಿ. ಹದೀಸ್ ಗ್ರಂಥ ಮತ್ತೆ ಮೇಜಿನ ಮೇಲೆ ತೆರೆದಿಟ್ಟಿದ್ದೇನೆ.